ಕಣ್ಣಿಗೆ ತಕ್ಕ ತೆರೆ

ಮನೆಗೊಂದು ಗಣಕಯಂತ್ರವನ್ನು ಕೊಳ್ಳಬೇಕೆಂದು ನಿಶ್ಚಯಿಸಿದ ಕುಟುಂಬದವರು ಅಂಗಡಿಯಲ್ಲಿ ನಡೆಸುವ ಮಾತುಕತೆಯನ್ನು ಗಮನವಿಟ್ಟು ಕೇಳಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಯಂತ್ರದ ಒಳಗಿರುವ ಪ್ರೊಸೆಸರಿನ ವೇಗವೆಷ್ಟು, ಸ್ಮರಣಕೋಶದ ಅಳತೆಯೆಷ್ಟು, ಮುಂದೆ ಅದನ್ನು ಹೆಚ್ಚಿಸಿಕೊಳ್ಳಲು ಅವಕಾಶವುಂಟೆ ಎಂದು ಅವರು ಹತ್ತಾರು ಪ್ರಶ್ನೆಗಳನ್ನು ಕೇಳುತ್ತಾರೆ. ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ ಬರೆದುಕೊಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ಒಂದೊಂದನ್ನೇ ಓದಿ ಒಪ್ಪಿಸುತ್ತಾರೆ. ಎಲ್ಲವೂ ಇತ್ಯರ್ಥವಾದ ಬಳಿಕ ವರ್ತಕನು, "ಮಾನಿಟರ್ ಯಾವುದು ಕೊಡಲಿ?" ಎಂದು ಕೇಳಿದಾಗ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಉಳಿದ ಹಣಕ್ಕೆ ಯಾವುದು ಬರುತ್ತದೋ ಅದು, ಸ್ವಲ್ಪ ದೊಡ್ಡದಾಗಿರಲಿ."

ಈ ಕ್ರಮವು ತಲೆಕೆಳಗಾದುದು. ಪ್ರೊಸೆಸರನ್ನು ಕೊಂಡವರು ಅದನ್ನು ಒಮ್ಮೆಯೂ ಕಣ್ಣಾರೆ ಕಾಣುವುದಿಲ್ಲ. ಅವರು ದಿನದಿನವೂ ಗಂಟೆಗಟ್ಟಲೆ ಕಾಣುವುದು ತೆರೆಯೊಂದನ್ನೇ. ಯಂತ್ರ ನಿಧಾನವಾದರೆ ಮನುಷ್ಯ ಕ್ಷಣಕಾಲ ಕಾಯಬಲ್ಲ. ತೆರೆ ಮಂಕಾಗಿದ್ದರೆ ಅದರ ಸುಂಕವನ್ನು ಕಣ್ಣು ಪ್ರತಿಕ್ಷಣವೂ ತೆರಬೇಕಾಗುತ್ತದೆ. ಇನ್ನೊಂದು ಲೆಕ್ಕವೂ ಉಂಟು. ಯಂತ್ರದ ಒಳಭಾಗಗಳು ಐದಾರು ವರ್ಷಗಳಲ್ಲಿ ಹಳತಾಗುತ್ತವೆ. ಒಳ್ಳೆಯ ತೆರೆಯಾದರೋ ಎರಡು ಯಂತ್ರಗಳ ಆಯುಷ್ಯವನ್ನು ಕಾಣಬಲ್ಲದು. ಹೆಚ್ಚು ಕಾಲ ಬಾಳುವ, ಹೆಚ್ಚು ಹೊತ್ತು ನೋಡಲ್ಪಡುವ ವಸ್ತುವಿಗೆ ಕಡಿಮೆ ಹಣವನ್ನೂ ಕಡಿಮೆ ಯೋಚನೆಯನ್ನೂ ಮೀಸಲಿಡುವುದು ಯಾವ ಮಿತವ್ಯಯ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಹಿರಿಯರು ಉಡುಗೆತೊಡುಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು. ತೆರೆಯನ್ನು ಕೊಳ್ಳುವಾಗಲೂ ನೋಟವನ್ನು ಪರರ ಇಚ್ಛೆಗೆ, ಅದರಲ್ಲಿಯೂ ವರ್ತಕನ ಇಚ್ಛೆಗೆ ಬಿಡಬೇಕೆಂದು ಅದರ ಅರ್ಥವಲ್ಲ.

ಹಾಗಾದರೆ ತೆರೆಯನ್ನು ಯಾವುದರಿಂದ ಅಳೆಯಬೇಕು? ಅಂಗಡಿಯ ವಾಡಿಕೆಯಲ್ಲಿ ಅಂಗುಲದಿಂದ. ಆದರೆ ಈ ಅಂಗುಲ ಬಲು ಜಾಣ ಅಳತೆ. ಅದು ತೆರೆಯ ಅಗಲವೂ ಅಲ್ಲ, ಎತ್ತರವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣರೇಖೆಯ ಉದ್ದ. ಪೈಥಾಗೊರಸನ ಪ್ರಮೇಯವನ್ನು ತರಗತಿಯಲ್ಲಿ ಕಲಿತವರಿಗೆ ಇದರ ಮರ್ಮ ತಿಳಿಯದೆ ಇರದು. ಕರ್ಣ ಒಂದೇ ಆಗಿದ್ದರೂ ಆಯತವು ಅಗಲವಾದಷ್ಟೂ ಅದರ ಕ್ಷೇತ್ರಫಲ ಕುಗ್ಗುತ್ತದೆ. ಹಿಂದೆ ಪ್ರಚಾರದಲ್ಲಿದ್ದ, ಬಹುತೇಕ ಚೌಕಾಕಾರದ 19 ಅಂಗುಲದ ತೆರೆಯಲ್ಲಿ ಅಗಲ ಮತ್ತು ಎತ್ತರಗಳ ಪ್ರಮಾಣ 5ಕ್ಕೆ 4 ಆಗಿತ್ತು. ಅದರ ಕ್ಷೇತ್ರಫಲ ಸುಮಾರು 176 ಚದರ ಅಂಗುಲ. ಈಗಿನ ವಾಡಿಕೆಯಂತೆ 16ಕ್ಕೆ 9ರ ಪ್ರಮಾಣದ 19 ಅಂಗುಲದ ತೆರೆಯಾದರೆ ದೊರೆಯುವುದು ಸುಮಾರು 154 ಚದರ ಅಂಗುಲ ಮಾತ್ರ. ಅಂಗುಲ ಅದೇ, ಜಾಗ ಎಂಟನೆಯ ಒಂದು ಭಾಗದಷ್ಟು ಕಡಿಮೆ. ಅಗಲವಾದ ತೆರೆ ಚಲನಚಿತ್ರಕ್ಕೆ ಹೇಳಿ ಮಾಡಿಸಿದುದು. ಪುಟವನ್ನು ಓದುವವರಿಗೆ, ಬರೆಯುವವರಿಗೆ ಬೇಕಾದುದು ಎತ್ತರ. ಆದಕಾರಣ ಬರೆವಣಿಗೆಯೇ ಮುಖ್ಯವಾದವರು 16ಕ್ಕೆ 10ರ ಪ್ರಮಾಣದ ತೆರೆ ಸಿಕ್ಕಿದರೆ ಅದನ್ನು ಬಿಡಬಾರದು. ಇನ್ನು ಪೆಟ್ಟಿಗೆಯ ಮೇಲೆ ಸೆಂಟಿಮೀಟರಿನಲ್ಲಿ ಅಚ್ಚಾಗಿರುವ ಅಳತೆಯನ್ನು ಓದುವ ಅಭ್ಯಾಸವೂ ಒಳ್ಳೆಯದು. ಬಾಯಿಮಾತಿನಲ್ಲಿ 24 ಎಂದು ಕರೆಯಲ್ಪಡುವ ತೆರೆಗಳಲ್ಲಿ ಅನೇಕವು ವಾಸ್ತವವಾಗಿ 60.45 ಸೆಂಟಿಮೀಟರಿನವು, ಎಂದರೆ 23.8 ಅಂಗುಲ.

ಅಂಗುಲಕ್ಕಿಂತ ಮಿಗಿಲಾದ ಅಳತೆಯೊಂದಿದೆ. ತೆರೆಯ ಮೇಲೆ ಕಾಣುವ ಅಕ್ಷರವಾಗಲಿ ಚಿತ್ರವಾಗಲಿ ಅಖಂಡವಾದ ರೇಖೆಗಳಿಂದ ಆದುದಲ್ಲ. ರಂಗವಲ್ಲಿಯನ್ನು ಇಡುವವರು ಮೊದಲು ಚುಕ್ಕಿಗಳನ್ನು ಇಟ್ಟುಕೊಳ್ಳುವಂತೆ, ತೆರೆಯೂ ಸಾಲುಸಾಲಾಗಿ ಜೋಡಿಸಿದ ಬಿಂದುಗಳ ಕ್ಷೇತ್ರ. ಇವನ್ನೇ ಪಿಕ್ಸೆಲುಗಳೆಂದು ಕರೆಯುವುದು. ಒಂದೊಂದು ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಬಿಂದುಗಳಿರುತ್ತವೆ. ಈ ಮೂರರ ಪ್ರಮಾಣಭೇದದಿಂದ ಸಕಲ ವರ್ಣಗಳೂ ಹುಟ್ಟುತ್ತವೆ. 1987ರಲ್ಲಿ ಬಂದ ವಿಜಿಎ ಎಂಬ ಏರ್ಪಾಟಿನಲ್ಲಿ ಅಡ್ಡಸಾಲಿಗೆ 640, ಉದ್ದಸಾಲಿಗೆ 480ರಂತೆ 3,07,200 ಬಿಂದುಗಳಿದ್ದವು. ಇಂದು ಸರ್ವಸಾಧಾರಣವಾದ 1920ಕ್ಕೆ 1080ರ ತೆರೆಯಲ್ಲಿ 20,73,600 ಬಿಂದುಗಳಿವೆ. 2560ಕ್ಕೆ 1440ರ ತೆರೆಯಲ್ಲಿ 36,86,400. ನಾಲ್ಕು ಕೆ ಎಂದು ಹೆಸರಾದ 3840ಕ್ಕೆ 2160ರ ತೆರೆಯಲ್ಲಿ 82,94,400.

ಆದರೆ ಒಟ್ಟು ಬಿಂದುಗಳ ಸಂಖ್ಯೆಯನ್ನು ಮಾತ್ರ ನೋಡಿದರೂ ಮೋಸಹೋಗುವ ಸಂಭವವುಂಟು. ಒಂದು ಸೇರು ಅವರೆಕಾಳನ್ನು ಮೊರದಲ್ಲಿ ಹರಡಿದರೆ ದಟ್ಟವಾಗಿ ಕಾಣುತ್ತದೆ. ಅದನ್ನೇ ಚಾಪೆಯ ಮೇಲೆ ಹರಡಿದರೆ ನಡುನಡುವೆ ಚಾಪೆಯೇ ಕಾಣುತ್ತದೆ. 1920ಕ್ಕೆ 1080ರ ಬಿಂದುಗಳನ್ನು 24 ಅಂಗುಲದ ತೆರೆಯಲ್ಲಿ ಹರಡಿದರೆ ಒಂದು ಅಂಗುಲ ಉದ್ದಕ್ಕೆ 92 ಬಿಂದುಗಳು ಬರುತ್ತವೆ. ಅವೇ ಬಿಂದುಗಳನ್ನು 27 ಅಂಗುಲದ ತೆರೆಗೆ ಹರಡಿದರೆ 82 ಮಾತ್ರ. "ಸ್ವಲ್ಪ ದೊಡ್ಡದಾಗಿರಲಿ" ಎಂದು ಹೆಚ್ಚು ಹಣ ಕೊಟ್ಟವರು ಮನೆಗೆ ತರುವುದು ಹೆಚ್ಚು ಒರಟಾದ ಅಕ್ಷರಗಳನ್ನು! 27 ಅಂಗುಲವೇ ಬೇಕೆಂದರೆ 2560ಕ್ಕೆ 1440ರದನ್ನು ಕೊಳ್ಳತಕ್ಕದ್ದು. ಆಗ ಅಂಗುಲಕ್ಕೆ 109 ಬಿಂದುಗಳು ದೊರೆಯುತ್ತವೆ. ಅದೇ ಗಾತ್ರದ ನಾಲ್ಕು ಕೆ ತೆರೆಯಲ್ಲಾದರೆ 163.

ಇಷ್ಟು ಸೂಕ್ಷ್ಮ ಕಣ್ಣಿಗೆ ತಿಳಿದೀತೆ ಎಂದು ಶಂಕಿಸುವವರಿದ್ದಾರೆ. ತಿಳಿಯುತ್ತದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಕಿರಿದಾದ ಕೋನವನ್ನು ಬೇರ್ಪಡಿಸಿ ನೋಡಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಈ ಕೋನಕ್ಕೆ ಸಮನಾದ ಉದ್ದ ಮಿಲಿಮೀಟರಿನ 0.17 ಭಾಗ. 24 ಅಂಗುಲದ ಸಾಧಾರಣ ತೆರೆಯಲ್ಲಿ ಬಿಂದುವಿನಿಂದ ಬಿಂದುವಿಗೆ 0.28 ಮಿಲಿಮೀಟರ್ ಅಂತರವಿರುತ್ತದೆ. 27 ಅಂಗುಲದ ನಾಲ್ಕು ಕೆ ತೆರೆಯಲ್ಲಿ 0.16. ಮೊದಲನೆಯದರಲ್ಲಿ ಅಕ್ಷರದ ಅಂಚು ಗರಗಸದಂತೆ ಇರುವುದನ್ನು ಕಣ್ಣು ಕಂಡುಹಿಡಿಯುತ್ತದೆ. ಎರಡನೆಯದರಲ್ಲಿ ಕಂಡುಹಿಡಿಯಲಾರದೆ ಅದನ್ನು ಅಚ್ಚಿನ ಅಕ್ಷರವೆಂದೇ ಒಪ್ಪಿಕೊಳ್ಳುತ್ತದೆ.

ಕನ್ನಡವನ್ನು ಓದುವವರಿಗೆ ಈ ವ್ಯತ್ಯಾಸ ಇಂಗ್ಲಿಷನ್ನು ಓದುವವರಿಗಿಂತ ಹೆಚ್ಚು ಮುಖ್ಯವಾದುದು. ತೆರೆಗಳನ್ನು ಕುರಿತು ಸಲಹೆ ಕೊಡುವವರು ಬಹುಮಂದಿ ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟುಕೊಂಡು ಮಾತನಾಡುತ್ತಾರೆ. ಆ ಅಕ್ಷರಗಳು ಸೈನಿಕರಂತೆ ಒಂದೇ ಸಾಲಿನಲ್ಲಿ ನಿಲ್ಲುವಂಥವು. ಅವುಗಳಲ್ಲಿ ನೆಟ್ಟನೆಯ ಗೀಟುಗಳೇ ಹೆಚ್ಚು. ಚೌಕಾಕಾರದ ಬಿಂದುಗಳಿಂದ ಅವನ್ನು ರಚಿಸುವುದು ಸುಲಭ. ಕನ್ನಡ ಲಿಪಿಯ ಸ್ವಭಾವವೇ ಬೇರೆ. ಅದರ ಅಕ್ಷರಗಳು ದುಂಡಾದುವು. ಮೇಲೆ ತಲೆಕಟ್ಟು ಅಥವಾ ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ - ಇಷ್ಟೆಲ್ಲ ಒಂದು ಪುಟ್ಟ ಸಂಸಾರದಂತೆ ಒಂದೇ ಸೂರಿನಡಿಯಲ್ಲಿ ಬಾಳಬೇಕು. 'ಸ್ತ್ರೀ', 'ರಾಷ್ಟ್ರ', 'ಸ್ವಾತಂತ್ರ್ಯ', 'ವೈಶಿಷ್ಟ್ಯ' ಮೊದಲಾದ ಮಾತುಗಳಲ್ಲಿ ಒಂದು ಒತ್ತಕ್ಷರಕ್ಕೆ ಇನ್ನೊಂದು ಒತ್ತಕ್ಷರ ಅಂಟಿಕೊಂಡಿರುತ್ತದೆ. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಸಾಧಾರಣ ತೆರೆಯಲ್ಲಿ ದೊರೆಯುವ ಎತ್ತರ 16 ಬಿಂದುಗಳ ಆಸುಪಾಸಿನದು. ಅಷ್ಟರಲ್ಲಿಯೇ ಈ ಸಂಸಾರವೆಲ್ಲ ಇಕ್ಕಟ್ಟಾಗಿ ಕೂರಬೇಕಾದುದರಿಂದ ಒತ್ತಕ್ಷರಕ್ಕೆ ಉಳಿಯುವುದು ನಾಲ್ಕಾರು ಬಿಂದುಗಳ ಜಾಗ. ಅಲ್ಲಿ ಅದು ಅಕ್ಷರವಾಗಿ ಉಳಿಯದೆ ಮಸಿಯ ತೊಟ್ಟಾಗಿಬಿಡುತ್ತದೆ.

ಇದರಿಂದಾಗುವ ಅನರ್ಥ ಕೇವಲ ಅಂದಗೇಡು ಮಾತ್ರವಲ್ಲ. 'ರ' ಮತ್ತು 'ಠ' ಅಕ್ಷರಗಳಿಗಿರುವ ಭೇದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಅದು ಮಂಕಾದರೆ 'ಮಠ' ಹೋಗಿ 'ಮರ'ವಾಗುತ್ತದೆ; 'ಪಾಠ' ಹೋಗಿ 'ಪಾರ'ವಾಗುತ್ತದೆ. 'ದ' ಮತ್ತು 'ಧ' ಅಕ್ಷರಗಳಿಗಿರುವ ಭೇದ ಕೆಳಗಿನ ಒಂದು ಸೀಳು. ಅದು ಮುಚ್ಚಿಹೋದರೆ 'ಧನ'ವು 'ದನ'ವಾಗುತ್ತದೆ. ಬಲ್ಲವರು ಸಂದರ್ಭವನ್ನು ನೋಡಿ ತಿದ್ದಿಕೊಂಡು ಓದುತ್ತಾರೆ. ಆಗತಾನೆ ಅಕ್ಷರಗಳನ್ನು ಕಲಿಯುತ್ತಿರುವ ಮಗು ಏನನ್ನು ನೋಡಿ ತಿದ್ದಿಕೊಂಡೀತು? ತಿದ್ದಿಕೊಳ್ಳುವ ಶ್ರಮವಾದರೂ ಶ್ರಮವೇ. ಒಂದು ಪುಟದಲ್ಲಿ ಇನ್ನೂರು ಸಲ ಕಣ್ಣನ್ನು ಕಿರಿದುಮಾಡಿ ಊಹಿಸುವವರಿಗೆ ಸಂಜೆಯ ಹೊತ್ತಿಗೆ ತಲೆನೋವು ಬಂದರೆ ಕನ್ನಡದಲ್ಲಿ ಓದುವುದೇ ಕಷ್ಟವೆಂಬ ಭಾವನೆ ಬೇರೂರುತ್ತದೆ. ಕಷ್ಟ ಕನ್ನಡದ್ದಲ್ಲ, ಕೊಂಡ ತೆರೆಯದು.

ಆದ್ದರಿಂದ ತೆರೆಯನ್ನು ಪರೀಕ್ಷಿಸತಕ್ಕ ವಿಧಾನ ಅತ್ಯಂತ ಸರಳವಾದುದು. ಕನ್ನಡದ ಒಂದು ಪುಟವನ್ನು, ಒತ್ತಕ್ಷರಗಳು ಧಾರಾಳವಾಗಿರುವ ಪುಟವನ್ನು, ಜೊತೆಯಲ್ಲಿ ಕೊಂಡೊಯ್ಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಅಕ್ಕಪಕ್ಕದ ಅಂಗಡಿಗಳಲ್ಲಿ ಹತ್ತಾರು ಬಗೆಯ ತೆರೆಗಳು ಇರುತ್ತವೆ. ವರ್ತಕರು ಅವುಗಳ ಮೇಲೆ ತೋರಿಸುವುದು ಗಿಳಿ, ಹೂವು, ಹವಳದ ದಿಬ್ಬ, ಸೂರ್ಯಾಸ್ತ ಮೊದಲಾದ ಚಿತ್ರಗಳನ್ನು. ಗಿಳಿ ಯಾವ ತೆರೆಯ ಮೇಲಾದರೂ ಚೆಂದವಾಗಿಯೇ ಕಾಣುತ್ತದೆ. ಅದನ್ನು ತೆಗೆಸಿ, ತಂದಿರುವ ಪುಟವನ್ನು ಹಾಕಿಸಿ, ತೋಳಳತೆಯ ದೂರದಲ್ಲಿ ಕುಳಿತು ಎರಡು ನಿಮಿಷ ಓದಿದರೆ ತೆರೆಯ ಯೋಗ್ಯತೆ ಗೊತ್ತಾಗುತ್ತದೆ. ಸಂಕೋಚಪಡಬೇಕಾದ ಕಾರಣವಿಲ್ಲ, ಹಣ ಕೊಟ್ಟು ಕೊಳ್ಳುವವರು ಮಾವಿನಹಣ್ಣನ್ನೂ ಮೂಸಿಯೇ ಕೊಳ್ಳುತ್ತಾರೆ.

ಇಲ್ಲಿ ಮಿತವ್ಯಯಿಗಳ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಮನೆಯಲ್ಲಿ ದೂರದರ್ಶನದ ಪೆಟ್ಟಿಗೆ ಇದ್ದೇ ಇದೆ, ಗಣಕಯಂತ್ರವನ್ನು ಅದಕ್ಕೇ ಜೋಡಿಸಿದರಾಯಿತು ಎಂದು ಅವರ ವಾದ. ಕಡಿಮೆ ಬೆಲೆಯ 32 ಅಂಗುಲದ ದೂರದರ್ಶನಗಳಲ್ಲಿ ಬಹಳವು 1366ಕ್ಕೆ 768ರವು. ಲೆಕ್ಕಹಾಕಿದರೆ ಅಂಗುಲಕ್ಕೆ 49 ಬಿಂದುಗಳು. ಹತ್ತು ಅಡಿ ದೂರದಿಂದ ಕ್ರಿಕೆಟ್ ನೋಡಲು ಇದು ಸಾಕು. ಮೇಜಿನ ಮೇಲಿಟ್ಟು ಕನ್ನಡ ಪ್ರಬಂಧವನ್ನು ಬರೆಯಲು ಸಾಲದು. ಬೇರೆ ಗತಿಯಿಲ್ಲದವರು ಅದನ್ನೇ ಬಳಸಲಿ, ತಪ್ಪಲ್ಲ. ಆದರೆ ಅಕ್ಷರಗಳನ್ನು ಹಿಗ್ಗಿಸಿಕೊಂಡು ಹಿಂದೆ ಸರಿದು ಕುಳಿತುಕೊಳ್ಳಲಿ.

ಬಿಂದುವಿನ ವಿಷಯ ಹೀಗಾಯಿತು. ಆ ಬಿಂದುವನ್ನು ಬೆಳಗಿಸುವ ಬಗೆಯಲ್ಲಿಯೂ ಭೇದಗಳುಂಟು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ನಿರ್ಮಿಸಿದ ಕ್ಯಾಥೋಡ್ ಕಿರಣದ ಕೊಳವೆಯೇ ಸುಮಾರು ನೂರು ವರ್ಷ ಸಕಲ ತೆರೆಗಳ ಮೂಲವಾಗಿತ್ತು. ಇಬ್ಬರು ಹಿಡಿದು ಎತ್ತಬೇಕಾದ ಆ ಭಾರಿ ಪೆಟ್ಟಿಗೆಗಳನ್ನು ಮೂಲೆಗೆ ಸರಿಸಿದುದು ದ್ರವಸ್ಫಟಿಕವೆಂಬ ವಿಲಕ್ಷಣ ಪದಾರ್ಥ. 1888ರಲ್ಲಿ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಸರ್ ಒಂದು ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿದಂತೆ ತೋರಿತು. ಮೊದಲು ಗಟ್ಟಿಯಾದುದು ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ ಆ ಮಬ್ಬು ಹರಿದು ತಿಳಿಯಾಯಿತು. ನಡುವಿನ ಆ ಮಬ್ಬಿನ ಸ್ಥಿತಿಯಲ್ಲಿ ವಸ್ತುವು ದ್ರವದಂತೆ ಹರಿಯುತ್ತದೆ, ಸ್ಫಟಿಕದಂತೆ ಬೆಳಕನ್ನು ಬಾಗಿಸುತ್ತದೆ. ವಿದ್ಯುತ್ತನ್ನು ಹಾಯಿಸಿ ಅದರ ಅಣುಗಳನ್ನು ಹೊರಳಿಸಬಹುದು. ಅಣುಗಳು ಹೊರಳಿದಂತೆ ಹಿಂದಿನ ದೀಪದ ಬೆಳಕು ಬಿಂದುವಿನ ಮೂಲಕ ಹೊರಕ್ಕೆ ಬರುತ್ತದೆ ಅಥವಾ ತಡೆಯಲ್ಪಡುತ್ತದೆ. ಕೋಟ್ಯಂತರ ಮನೆಗಳ ತೆರೆಯ ರಹಸ್ಯ ಇಷ್ಟೇ.

ಕನ್ನಡ ನಾಡಿನ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಅಧ್ಯಾಯ ಈ ಕಥೆಯಲ್ಲಿದೆ. 1977ರವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯ ಆಕಾರದವು. ಆ ವರ್ಷ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರೂ ಅವರ ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೂ ಬಿಲ್ಲೆಯ ಆಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗಬಲ್ಲದೆಂದು ತೋರಿಸಿಕೊಟ್ಟರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಆ ಅಣುಗಳು ಕಂಬಗಳಾಗಿ ನಿಲ್ಲುತ್ತವೆ. ಈ ಶೋಧವು ಪ್ರಕಟವಾದುದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಎಂಬ ವಿಜ್ಞಾನಪತ್ರಿಕೆಯಲ್ಲಿ. ಚಂದ್ರಶೇಖರ್ ಅವರು ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಶುದ್ಧ ಜ್ಞಾನಕ್ಕಾಗಿ ನಡೆದ ಈ ಸಂಶೋಧನೆಗೂ ಅಂಗಡಿಯ ತೆರೆಗೂ ಮುಂದೆ ನಂಟು ಬೆಳೆಯಿತು. ಆರಂಭದ ದ್ರವಸ್ಫಟಿಕದ ತೆರೆಗಳಿಗೆ ಒಂದು ದೊಡ್ಡ ದೋಷವಿತ್ತು. ಎದುರಿಗೆ ಕುಳಿತವರಿಗೆ ಬಣ್ಣಗಳು ಸರಿಯಾಗಿ ಕಾಣುತ್ತಿದ್ದವು. ಪಕ್ಕಕ್ಕೆ ಸರಿದವರಿಗೆ ಬಿಳಿಚಿಕೊಂಡೋ ಬುಡಮೇಲಾಗಿಯೋ ಕಾಣುತ್ತಿದ್ದವು. ಬಿಲ್ಲೆಯ ಆಕಾರದ ಅಣುಗಳ ತೆಳುಪದರವನ್ನು ತೆರೆಗೆ ಹೊದಿಸಿ ಜಪಾನಿನ ಫ್ಯೂಜಿ ಸಂಸ್ಥೆಯವರು ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದರು.

ಓರೆಯಿಂದ ನೋಡಿದಾಗಿನ ಈ ದೋಷವೇ ಇಂದಿಗೂ ತೆರೆಗಳ ಜಾತಿಯನ್ನು ಗುರುತಿಸುವ ಸುಲಭ ಲಕ್ಷಣ. ಟಿಎನ್ ಎಂಬ ಹಳೆಯ ಬಗೆಯು ಅಗ್ಗ. ಆದರೆ ಕುಳಿತವರು ಸ್ವಲ್ಪ ಬಗ್ಗಿದರೂ ತೆರೆಯ ಮೇಲಂಚು ಕಪ್ಪಿಡುತ್ತದೆ. 1996ರ ಸುಮಾರಿಗೆ ಜಪಾನಿನಲ್ಲಿ ರೂಪುಗೊಂಡ ಐಪಿಎಸ್ ಎಂಬುದು ಓರೆನೋಟಕ್ಕೂ ಬಣ್ಣ ಕೆಡಿಸದು. ವಿಎ ಎಂಬುದು ಕಪ್ಪನ್ನು ಗಾಢವಾಗಿ ತೋರಿಸುವುದರಲ್ಲಿ ಮೇಲು, ಓರೆನೋಟದಲ್ಲಿ ಐಪಿಎಸ್‌ಗಿಂತ ಕೀಳು. ಅಣ್ಣತಂಗಿಯರಿಬ್ಬರು ಒಂದೇ ತೆರೆಯ ಮುಂದೆ ಅಕ್ಕಪಕ್ಕ ಕುಳಿತು ಓದುವ ಮನೆಗೆ ಐಪಿಎಸ್ಸೇ ತಕ್ಕುದು. 'ಎಲ್‌ಇಡಿ ಮಾನಿಟರ್' ಎಂಬ ಹೆಸರಿನಿಂದ ಮರುಳಾಗಬೇಕಾಗಿಲ್ಲ. ಅದೂ ದ್ರವಸ್ಫಟಿಕದ ತೆರೆಯೇ, ಹಿಂದಿನ ದೀಪ ಮಾತ್ರ ಎಲ್‌ಇಡಿ. ಬಿಂದುಬಿಂದುವೂ ತಾನೇ ಬೆಳಗುವ ಓಎಲ್‌ಇಡಿ ಎಂಬ ಬೇರೊಂದು ಬಗೆ ಬಂದಿದೆ. ಅದರ ಕಪ್ಪು ನಿಜವಾದ ಕಪ್ಪು. ಆದರೆ ಬೆಲೆ ಬಹಳ. ಮೇಲಾಗಿ ಒಂದೇ ಚಿತ್ರ ಬಹುಕಾಲ ನಿಂತರೆ ಅದರ ನೆರಳು ಅಚ್ಚೊತ್ತಿದಂತೆ ಉಳಿಯುವ ಭಯವೂ ಉಂಟು. ವಿದ್ಯಾರ್ಥಿಯ ಮೇಜಿಗೆ ಅದು ಅನವಶ್ಯಕ.

ಪೆಟ್ಟಿಗೆಯ ಮೇಲಿನ ಉಳಿದ ದೊಡ್ಡ ದೊಡ್ಡ ಸಂಖ್ಯೆಗಳಿಗೆ ಹೆಚ್ಚು ಗೌರವ ಕೊಡಬೇಕಾದುದಿಲ್ಲ. ಕೆಲವು ತೆರೆಗಳು ಬಿಳುಪಿಗೂ ಕಪ್ಪಿಗೂ ಕೋಟಿಗೆ ಒಂದರ ಅಂತರವಿದೆಯೆಂದು ಸಾರುತ್ತವೆ. ಬಿಳಿಯ ಚಿತ್ರ ಬಂದಾಗ ಹಿಂದಿನ ದೀಪವನ್ನು ಉಜ್ವಲಗೊಳಿಸಿ, ಕರಿಯ ಚಿತ್ರ ಬಂದಾಗ ದೀಪವನ್ನೇ ಆರಿಸಿ, ಬೇರೆ ಬೇರೆ ಗಳಿಗೆಗಳ ಎರಡು ಬೆಳಕುಗಳನ್ನು ಹೋಲಿಸಿ ಹೇಳುವ ಲೆಕ್ಕವದು. ಒಂದೇ ಗಳಿಗೆಯಲ್ಲಿ ಅಳೆದರೆ ಐಪಿಎಸ್ ತೆರೆಯಲ್ಲಿ ಸುಮಾರು ಸಾವಿರಕ್ಕೆ ಒಂದು, ವಿಎ ತೆರೆಯಲ್ಲಿ ಸುಮಾರು ಮೂರು ಸಾವಿರಕ್ಕೆ ಒಂದು ಬರುತ್ತದೆ. ಇದೇ ಸಾಕಷ್ಟಾಯಿತು, ಪಠ್ಯಪುಸ್ತಕದ ಅಚ್ಚಾದ ಪುಟದಲ್ಲಿ ಈ ಅಂತರ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ, ಅದನ್ನು ಓದಿಯೇ ಮಕ್ಕಳು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದಾರೆ. ಒಂದು ಮಿಲಿಸೆಕೆಂಡಿನ ಚುರುಕು, ಸೆಕೆಂಡಿಗೆ 144 ಅಥವಾ 240 ಸಲ ಚಿತ್ರವನ್ನು ಬದಲಿಸುವ ಶಕ್ತಿ ಇವೆಲ್ಲ ವೇಗದ ಆಟಗಳನ್ನು ಆಡುವವರಿಗೆ ಬೇಕಾದುವು. ಓದುಬರಹಕ್ಕೆ ಸೆಕೆಂಡಿಗೆ 60 ಸಲ ಸಾಕು.

ಕಣ್ಣಿನ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ಕುರಿತು ಎರಡು ಮಾತು. ನೀಲಿ ಬೆಳಕಿನಿಂದ ಕಣ್ಣು ಹಾಳಾಗುತ್ತದೆಂದು ಹೆದರಿಸಿ, ಅದನ್ನು ತಡೆಯುವ ತೆರೆಗೂ ಕನ್ನಡಕಕ್ಕೂ ಹೆಚ್ಚಿನ ಬೆಲೆ ಕೇಳುವವರಿದ್ದಾರೆ. ತೆರೆಯ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಹೇಳಿದೆ. ಅಂಥ ಕನ್ನಡಕಗಳನ್ನು ಅದು ಸೂಚಿಸುವುದೂ ಇಲ್ಲ. ಕಣ್ಣು ಬಳಲುವುದಕ್ಕೆ ಬೇರೆ ಕಾರಣಗಳಿವೆ. ತೆರೆಯನ್ನು ದಿಟ್ಟಿಸುವಾಗ ಮನುಷ್ಯ ರೆಪ್ಪೆ ಬಡಿಯುವುದನ್ನು ಮರೆಯುತ್ತಾನೆ. ಕಣ್ಣಿನ ತೇವ ಆರುತ್ತದೆ. ಹತ್ತಿರದ ವಸ್ತುವನ್ನೇ ಎಡೆಬಿಡದೆ ನೋಡುವುದರಿಂದ ಕಣ್ಣಿನ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಮಕ್ಕಳಾದರೆ ದಿನವೂ ಬಯಲಿನ ಬೆಳಕಿನಲ್ಲಿ ಆಡಬೇಕು. ಬಯಲಿನಲ್ಲಿ ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿದೋಷ ಕಡಿಮೆ ಎಂಬುದು ಅನೇಕ ದೇಶಗಳ ಪರಿಶೀಲನೆಗಳಿಂದ ಕಂಡುಬಂದ ಸಂಗತಿ.

ತೆರೆಯಿಂದ ಆಗಬಹುದಾದ ಉಪಕಾರ ಬೇರೆ ರೀತಿಯದು. ಅದರ ಮೈ ಕನ್ನಡಿಯಂತೆ ಹೊಳೆಯಬಾರದು. ಹೊಳೆದರೆ ಓದುವವರಿಗೆ ಅಕ್ಷರಕ್ಕಿಂತ ಹಿಂದಿನ ಕಿಟಕಿಯೇ ಚೆನ್ನಾಗಿ ಕಾಣುತ್ತದೆ. ಬೆಳಕನ್ನು ಬೇಕಾದಷ್ಟು ತಗ್ಗಿಸಲು ಬರಬೇಕು, ತಗ್ಗಿಸಿದಾಗ ಮಿಣುಕಬಾರದು. ಪಕ್ಕದಲ್ಲಿ ಬಿಳಿಯ ಕಾಗದವನ್ನು ಹಿಡಿದು, ತೆರೆಯ ಬಿಳುಪು ಕಾಗದದ ಬಿಳುಪಿಗೆ ಸಮನಾಗುವವರೆಗೆ ಬೆಳಕನ್ನು ಇಳಿಸುವುದು ಉತ್ತಮ ಕ್ರಮ. ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕಾದುದರಿಂದ ಅದರ ಕಾಲು ಏರಿಳಿಯುವಂತಿದ್ದರೆ ಬಹಳ ಒಳ್ಳೆಯದು. ಅಗ್ಗದ ತೆರೆಗಳಲ್ಲಿ ಈ ಸೌಕರ್ಯವಿರುವುದಿಲ್ಲ. ಅನೇಕ ಮನೆಗಳಲ್ಲಿ ದಪ್ಪ ನಿಘಂಟುಗಳು ತೆರೆಯ ಕೆಳಗೆ ಸೇರಿಕೊಂಡಿರುವುದು ಇದೇ ಕಾರಣದಿಂದ. ನಿಘಂಟಿಗೆ ಅದಕ್ಕಿಂತ ಮೇಲಾದ ಉಪಯೋಗವಿದೆ. ಮರದ ಮಣೆಯೊಂದು ಆ ಕೆಲಸಕ್ಕೆ ಸಾಕು.

ಬೆಲೆಯ ಮಾತು ಬಂದಾಗ ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ವಿವೇಕ. 24 ಅಂಗುಲದ, 1920ಕ್ಕೆ 1080ರ, ಐಪಿಎಸ್ ಬಗೆಯ ತೆರೆಯು ಹತ್ತು ಸಾವಿರ ರೂಪಾಯಿಗಳ ಆಚೀಚೆ ದೊರೆಯುತ್ತದೆ. ಸಾಮಾನ್ಯ ವಿದ್ಯಾರ್ಥಿಗೆ ಅದು ನ್ಯಾಯವಾದ ಆಯ್ಕೆ, 21.5 ಅಂಗುಲದ್ದಾದರೆ ಬಿಂದುಗಳು ಇನ್ನೂ ದಟ್ಟವಾಗಿ, ಅಂಗುಲಕ್ಕೆ 102ರಂತೆ, ಬೆಲೆಯೂ ಕಡಿಮೆಯಾಗಿ ಸಿಗುತ್ತವೆ. ಚಿಕ್ಕದೆಂದು ಅದನ್ನು ತಿರಸ್ಕರಿಸುವುದು ಅವಿವೇಕ. ಇಡೀ ದಿನ ಬರೆದು ತಿದ್ದುವವರು, ಅಚ್ಚುಕರಡು ನೋಡುವವರು, ಭಾಷಾಂತರಕಾರರು ನಾಲ್ಕು ಕೆ ತೆರೆಗೆ ಎರಡು ಮಡಿ ಹಣ ಕೊಟ್ಟರೂ ನಷ್ಟವಾಗದು. ಆದರೆ ಯಂತ್ರದ ಕೊಂಡಿ ಹಳೆಯದಾಗಿದ್ದರೆ ನಾಲ್ಕು ಕೆ ತೆರೆಯು ಸೆಕೆಂಡಿಗೆ 30 ಸಲ ಮಾತ್ರ ಬದಲಾಗಿ, ಬಾಣದ ಗುರುತು ಕುಂಟುತ್ತ ನಡೆಯುತ್ತದೆ. ಕೊಳ್ಳುವ ಮೊದಲೇ ವಿಚಾರಿಸಬೇಕು.

ಅಂತರಜಾಲದ ಮೂಲಕ ತರಿಸಿದ ತೆರೆಯನ್ನು ಬಂದ ದಿನವೇ ಪರೀಕ್ಷಿಸುವುದು ಅವಶ್ಯಕ. ತೆರೆಯ ತುಂಬ ಬಿಳುಪು, ಕಪ್ಪು, ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ತರಿಸಿ ನೋಡಿದರೆ ಸತ್ತ ಬಿಂದುಗಳು ಸಿಕ್ಕಿಬೀಳುತ್ತವೆ. 62,20,800 ಉಪಬಿಂದುಗಳಲ್ಲಿ ಒಂದೆರಡು ಕೆಟ್ಟರೆ ಬದಲಿಸಿಕೊಡುವುದಿಲ್ಲವೆಂದು ಅನೇಕ ತಯಾರಕರ ಷರತ್ತಿನಲ್ಲಿಯೇ ಬರೆದಿರುತ್ತದೆ. ಆ ಷರತ್ತನ್ನು ಹಣ ಕೊಡುವ ಮುನ್ನ ಓದುವವರು ವಿರಳ. ರಸೀತಿಯನ್ನು ಜೋಪಾನವಾಗಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅಂಗಡಿಯಲ್ಲಿ ಕೊಂಡವರಿಗೂ ಅಂತರಜಾಲದಲ್ಲಿ ಕೊಂಡವರಿಗೂ ರಕ್ಷಣೆ ಕೊಡುತ್ತದೆ, ರಸೀತಿ ಇದ್ದವರಿಗೆ ಅದು ಬೇಗ ಒದಗುತ್ತದೆ. ಮನೆಯ ಅಟ್ಟದಲ್ಲಿ ಹಳೆಯ ಕೊಳವೆಯ ಪೆಟ್ಟಿಗೆಯಿದ್ದರೆ ಅದನ್ನು ಗುಜರಿಯವನಿಗೆ ಒಡೆಯಲು ಕೊಡಕೂಡದು. ಅದರ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇಂಥ ಕಸವು ನೋಂದಾಯಿತ ಮರುಬಳಕೆದಾರರನ್ನು ಸೇರತಕ್ಕದ್ದು.

ಮನೆಯವರು ಒಂದು ತೆರೆಯನ್ನು ತಪ್ಪಾಗಿ ಆರಿಸಿದರೆ ನಾಲ್ಕು ಜೊತೆ ಕಣ್ಣುಗಳು ಬಳಲುತ್ತವೆ. ಶಾಲೆಗೆ ಇಪ್ಪತ್ತು ತೆರೆಗಳನ್ನು ಒಟ್ಟಿಗೆ ಕೊಳ್ಳುವಾಗ ತಪ್ಪಾದರೆ ಹತ್ತು ವರ್ಷಗಳ ವಿದ್ಯಾರ್ಥಿಗಳೆಲ್ಲ ಅದನ್ನು ಅನುಭವಿಸಬೇಕು. ಅಂಥ ಖರೀದಿಯ ಕಾಗದಪತ್ರಗಳಲ್ಲಿ ಅಂಗುಲವನ್ನೂ ಬೆಲೆಯನ್ನೂ ಬರೆದರೆ ಸಾಲದು. ಅಂಗುಲಕ್ಕೆ ಎಷ್ಟು ಬಿಂದುಗಳಿರಬೇಕು, ಓರೆಯಿಂದ ನೋಡಿದಾಗ ಹೇಗಿರಬೇಕು ಎಂಬುದನ್ನೂ ಬರೆಯಬೇಕು. ಅದಕ್ಕಿಂತಲೂ ಸುಲಭವಾದ ಉಪಾಯವೊಂದಿದೆ. ಮಾದರಿಗಾಗಿ ತಂದ ತೆರೆಯ ಮೇಲೆ ಕನ್ನಡ ಪಠ್ಯಪುಸ್ತಕದ ಒಂದು ಪುಟವನ್ನು ಹನ್ನೆರಡು ಪಾಯಿಂಟಿನ ಅಕ್ಷರದಲ್ಲಿ ಮೂಡಿಸಿ, ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳನ್ನು ಅದರ ಮುಂದೆ ಅಕ್ಕಪಕ್ಕ ಕೂರಿಸಿ ಗಟ್ಟಿಯಾಗಿ ಓದಿಸುವುದು. ಅವರು 'ಮಠ'ವನ್ನು 'ಮರ' ಎಂದು ಓದಿದರೆ ಆ ತೆರೆಯನ್ನು ಅದರ ಪೆಟ್ಟಿಗೆಗೇ ಹಿಂದಿರುಗಿಸಿ, ಮುಂದಿನದನ್ನು ತರಿಸತಕ್ಕದ್ದು.